ಕಟ್ಟಡ ಕಾರ್ಮಿಕರ ಗಂಟೆ ಕೂಲಿ: ಏರಿಳಿತ ಲೆಕ್ಕ ಹಾಕುವ ಬಗೆ

ದಿನಗೂಲಿ ಹೆಚ್ಚಾದ ಮಾತ್ರಕ್ಕೆ ಗಂಟೆಯ ಕೂಲಿಯೂ ಹೆಚ್ಚಾಯಿತು ಎನ್ನಲಾಗದು. ದಿನಕ್ಕೆ 100 ಇದ್ದ ಕೂಲಿ 110 ಆಯಿತು, ದುಡಿಮೆ 8 ಗಂಟೆಯಿಂದ 9ಕ್ಕೆ ಹೋಯಿತು ಎಂದುಕೊಳ್ಳಿ. ಗಂಟೆಗೆ 12.50 ಇದ್ದದ್ದು 12.22ಕ್ಕೆ ಇಳಿಯುತ್ತದೆ. ಅದೇ ಅವಧಿಯಲ್ಲಿ ಬೆಲೆಗಳು ಶೇ 5ರಷ್ಟು ಏರಿದ್ದರೆ, ಹಳೆಯ ಬೆಲೆಯಲ್ಲಿ ಅದು ಬರೀ 11.64. ಅಂದರೆ ನಿಜ ಕೂಲಿ ಸುಮಾರು ಶೇ 7ರಷ್ಟು ಕುಸಿದಿದೆ. ಒಂದು ಪ್ರದೇಶದ ಕೂಲಿಯ ದಿಕ್ಕು ತಿಳಿಯಬೇಕಾದರೆ ಗಂಟೆ, ಕಸುಬು, ಬೆಲೆ ಮೂರನ್ನೂ ಕೈಯಲ್ಲಿ ಹಿಡಿದೇ ಲೆಕ್ಕಕ್ಕೆ ಕೂರಬೇಕು.

ಕಸುಬು ಬೇರ್ಪಡಿಸಿ

‘ಕಟ್ಟಡ ಕಾರ್ಮಿಕ’ ಎಂಬ ಒಂದೇ ಕಾಲಂ ಸಾಲದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವೃತ್ತಿ ವರ್ಗೀಕರಣದಲ್ಲಿ ಇಟ್ಟಿಗೆ ಕಟ್ಟುವವರು 7112, ಮರಗೆಲಸದವರು 7115, ಕಟ್ಟಡದ ಕೈಯಾಳುಗಳು 9313. ಈ ಸಂಕೇತಗಳನ್ನೇ ಬಳಸಿದರೆ ಬೇರೆ ಪ್ರದೇಶದ ಅಂಕಿಗಳ ಜೊತೆ ಹೋಲಿಸುವುದು ಸಲೀಸು.

ಗಂಟೆ ಎಣಿಸಿ

ಹೆಚ್ಚಿನ ಲೆಕ್ಕಗಳು ತಪ್ಪುವುದು ಇಲ್ಲೇ. ಹಾಜರಿ ಪುಸ್ತಕದಲ್ಲಿ ‘ಒಂದು ದಿನ’ ಎಂದಷ್ಟೇ ಇರುತ್ತದೆ. ಕೆಲಸ ಶುರುವಾದ ಹೊತ್ತು, ಬಿಟ್ಟ ಹೊತ್ತು, ಊಟದ ಬಿಡುವು ಮೂರನ್ನೂ ಕೇಳಿ ಬರೆದುಕೊಳ್ಳಿ. ಊಟದ ಹೊತ್ತು, ಮನೆಯಿಂದ ಬಂದು ಹೋಗುವ ಹೊತ್ತು ಲೆಕ್ಕಕ್ಕೆ ಬೇಡ. ಸಿಮೆಂಟ್ ಬರಲೆಂದು ಸೈಟಿನಲ್ಲೇ ಕಾದು ನಿಂತ ಹೊತ್ತು ಮಾತ್ರ ದುಡಿಮೆಯೇ, ಅದನ್ನು ಸೇರಿಸಿ. ಅದನ್ನು ಬಿಟ್ಟರೆ ಗಂಟೆ ಕೂಲಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಕಾರ್ಮಿಕನಿಗೆ ಅನ್ಯಾಯವಾಗುತ್ತದೆ.

ಓಟಿ ಹಣವನ್ನು, ಅಂದರೆ ಮಾಮೂಲಿ ಹೊತ್ತು ಮೀರಿ ದುಡಿದದ್ದಕ್ಕೆ ಸಿಗುವ ಹಣವನ್ನು, ಬೇರೆ ಕಾಲಂನಲ್ಲಿಡಿ. 8 ಗಂಟೆ ಮಾಮೂಲಿ ದರ, ಮತ್ತೆ 2 ಗಂಟೆ ದುಪ್ಪಟ್ಟು ದರ ಎಂದರೆ 10 ಗಂಟೆಗೆ 12 ಗಂಟೆಯ ಹಣ. ದರ ಒಂದು ಪೈಸೆಯೂ ಏರದೆ ಗಂಟೆಯ ಗಳಿಕೆ ಶೇ 20 ಹೆಚ್ಚಾದಂತೆ ತೋರುತ್ತದೆ. ದರ ಬೇರೆ, ಗಳಿಕೆ ಬೇರೆ.

ಚದರ ಮೀಟರಿಗಿಷ್ಟು ಎಂದು ಗುತ್ತಿಗೆ ಹಿಡಿದವರಲ್ಲಿ ಪಡೆದ ಒಟ್ಟು ಹಣವನ್ನು ತಂಡದವರೆಲ್ಲರ ಒಟ್ಟು ಗಂಟೆಗಳಿಂದ ಭಾಗಿಸಿ. ನಾಲ್ವರು ತಲಾ 9 ಗಂಟೆ ದುಡಿದರೆ ಭಾಜಕ 36, 9 ಅಲ್ಲ. ಮಧ್ಯದವರು ಹಿಡಿದುಕೊಂಡ ಕಮಿಷನ್ ಕಳೆದು, ಬಟವಾಡೆಯ ದಿನ ಕೈಗೆ ಬಂದದ್ದೆಷ್ಟು ಎಂಬುದನ್ನು ಕೆಲಸಗಾರರನ್ನೇ ಕೇಳಿ.

ಸರಾಸರಿಯ ಮೋಸ

ಗಂಟೆಗೆ 20ರಂತೆ ಹತ್ತು ಮೇಸ್ತ್ರಿಗಳು, 10ರಂತೆ ಇಪ್ಪತ್ತು ಕೈಯಾಳುಗಳು ಇದ್ದರೆ ಸರಾಸರಿ 13.33. ಕೆಲಸ ಕಡಿಮೆಯಾಗಿ ಹತ್ತು ಕೈಯಾಳುಗಳನ್ನು ಬಿಡಿಸಿದರೆ ಸರಾಸರಿ 15ಕ್ಕೆ ಹಾರುತ್ತದೆ. ಯಾರ ಕೂಲಿಯೂ ಏರಿಲ್ಲ, ಹತ್ತು ಜನರ ಅನ್ನ ಹೋಗಿದೆ, ಆದರೂ ಪಟ್ಟಿಯಲ್ಲಿ ಶೇ 12.5ರ ಏರಿಕೆ! ಹಿಂಜರಿತದ ಕಾಲದಲ್ಲಿ ಕೂಲಿ ಹೆಚ್ಚಿತು ಎಂಬ ಸುದ್ದಿ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪರಿಹಾರ, ಆಧಾರ ವರ್ಷದಲ್ಲಿ, ಅಂದರೆ ಹೋಲಿಕೆ ಶುರುವಾಗುವ ವರ್ಷದಲ್ಲಿ, ಪ್ರತಿ ಕಸುಬಿಗಿದ್ದ ಪಾಲನ್ನು ಬದಲಿಸದೆ ಇಡುವುದು. ಆ ವರ್ಷ ಕೈಯಾಳುಗಳು ಮೂರರಲ್ಲಿ ಎರಡು ಪಾಲಿದ್ದರೆ ಮುಂದೆಯೂ ಅಷ್ಟೇ ತೂಕ ಕೊಡಿ. ಲಾಸ್ಪೇರ್ಸ್ ಸೂಚ್ಯಂಕದ ಕ್ರಮ ಇದೇ.

ಒಂದೇ ಕಸುಬಿನೊಳಗೆ ಸರಾಸರಿಯ ಬದಲು ಮಧ್ಯಾಂಕ ಹಿಡಿಯಿರಿ, ಅಂದರೆ ದರಗಳನ್ನು ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ಬರುವ ದರ. ಇಬ್ಬರು ಮೂವರು ಭಾರಿ ಗಳಿಕೆಯವರು ಅದನ್ನು ಅಲುಗಿಸಲಾರರು.

ತಿಂಗಳಿಗೆ ತಿಂಗಳು, ಬೆಲೆಗೆ ಬೆಲೆ

ಮಳೆಗಾಲದ ತಿಂಗಳನ್ನು ಬೇಸಿಗೆಯ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಆಮೇಲೆ ಗಂಟೆ ಕೂಲಿಯನ್ನು ಆ ಪ್ರದೇಶದ ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ 100ರಿಂದ ಗುಣಿಸಿ. ಸೂಚ್ಯಂಕದ ಆಧಾರ ವರ್ಷ (ಬೆಲೆಮಟ್ಟ 100 ಎಂದು ಹಿಡಿದ ವರ್ಷ) ನಡುವೆ ಬದಲಾಗಿದ್ದರೆ ಹಳೆಯದು, ಹೊಸದು ಎರಡೂ ಸಿಗುವ ಒಂದು ತಿಂಗಳನ್ನು ಹಿಡಿದು, ಹಳೆಯದನ್ನು ಹೊಸದರಿಂದ ಭಾಗಿಸಿ ಜೋಡಣೆ ಅಂಶ ಕಂಡುಕೊಳ್ಳಿ; ಹೊಸ ಸೂಚ್ಯಂಕವನ್ನು ಅದರಿಂದ ಗುಣಿಸಿದರೆ ಹಳೆಯದರ ಅಳತೆಗೆ ಬರುತ್ತದೆ. ನೇರವಾಗಿ ಬೆರೆಸಿದರೆ ಕೂಲಿ ಒಂದೇ ತಿಂಗಳಲ್ಲಿ ಹಲವು ಪಟ್ಟು ಏರಿದಂತೆಯೋ ಬಿದ್ದಂತೆಯೋ ಕಾಣುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಕಸುಬಿನ ಎದುರು ಎಷ್ಟು ಜನರನ್ನು ಕೇಳಲಾಯಿತು ಎಂಬುದನ್ನೂ ಬರೆಯಿರಿ. ಏಳೆಂಟು ಜನರಷ್ಟೇ ಸಿಕ್ಕ ಕಸುಬಿಗೆ ಶೇಕಡಾವಾರು ಏರಿಕೆ ಹಾಕದೆ, ಸಿಕ್ಕ ದರಗಳನ್ನು ಹಾಗೆಯೇ ಕೊಡಿ.