ಗಾಲ್ಫ್ ಮೈದಾನದ ಶಿಸ್ತು: ಸದಸ್ಯರಿಗೆ ಹೇಳುವುದು ಹೇಗೆ?

ಕ್ಲಬ್‌ಹೌಸ್ ಗೋಡೆಯ ಮೇಲೆ ನೋಟಿಸ್ ಇರುತ್ತದೆ. ಸ್ಕೋರ್ ಕಾರ್ಡಿನ ಹಿಂದೆ ನಿಯಮಗಳ ಪಟ್ಟಿ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾರ್ಯದರ್ಶಿಯ ಉದ್ದನೆಯ ಮೆಸೇಜೂ ಬಂದಿರುತ್ತದೆ. ಆದರೂ ಭಾನುವಾರ ಮಧ್ಯಾಹ್ನ ಯಾವುದಾದರೂ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮೇಲೆ ಬಗ್ಗಿ ನೋಡಿ. ಚೆಂಡು ಬಿದ್ದ ಗುಳಿಗಳು ಹಾಗೇ ಇರುತ್ತವೆ. ಪಕ್ಕದ ಬಂಕರ್ (ಮರಳಿನ ಗುಂಡಿ) ತುಂಬಾ ಹೆಜ್ಜೆ ಗುರುತು. ಹಿಂದಿನ ಟೀಯಲ್ಲಿ (ಮೊದಲ ಹೊಡೆತ ಹೊಡೆಯುವ ಜಾಗ) ಎರಡು ಗುಂಪು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾ ನಿಂತಿರುತ್ತವೆ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅಂದರೆ ಈ ಆಟ ನಮಗೆ ಹೊಸದಲ್ಲ. ಹೊಸದಾಗಿರುವುದು ಕಲಿಯುವ ದಾರಿ. ಈಗ ಬಹಳ ಜನ ಡ್ರೈವಿಂಗ್ ರೇಂಜ್‌ನಲ್ಲಿ (ಹೊಡೆತ ಅಭ್ಯಾಸ ಮಾಡುವ ಜಾಗ) ಕಲಿತು ನೇರವಾಗಿ ಕೋರ್ಸ್‌ಗೆ ಬರುತ್ತಾರೆ. ರೇಂಜ್‌ನಲ್ಲಿ ಚಾಪೆಯ ಮೇಲೆ ನಿಂತು ಸ್ವಿಂಗ್ ಕಲಿಯಬಹುದು. ಗ್ರೀನ್ ಸರಿಮಾಡುವುದು, ಬಂಕರ್ ಮರಳನ್ನು ಎಳೆದು ಸಮಮಾಡುವುದು, ಹಿಂದಿನವರಿಗೆ ದಾರಿ ಬಿಡುವುದು ಅಲ್ಲಿ ಬರುವುದಿಲ್ಲ. ಹಾಗಾಗಿ ಶಿಸ್ತು ತಪ್ಪುವವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ತೋರಿಸುವ ಕೆಲಸವನ್ನು ಕ್ಲಬ್‌ಗಳು ಕಾಗದಕ್ಕೋ, ಆಟಗಾರರ ಚೀಲ ಹೊರುವ ಕ್ಯಾಡಿಗೋ, ಮೈದಾನದ ಮೇಲ್ವಿಚಾರಣೆ ಮಾಡುವ ಮಾರ್ಷಲ್‌ಗೋ ಬಿಟ್ಟುಬಿಡುತ್ತವೆ. ಕೆಲಸ ಕೆಡುವುದು ಅಲ್ಲೇ. ಸದಸ್ಯನಿಗೆ ಹೇಳಬೇಕಾದವನು ಇನ್ನೊಬ್ಬ ಸದಸ್ಯ. ಎದುರಿಗೆ, ಮೈದಾನದಲ್ಲೇ ಹೇಳಬೇಕು. ಸಮಿತಿಯಲ್ಲಿ ಇರುವವರು, ಕ್ಯಾಪ್ಟನ್ ಆದವರು, ಸುಮ್ನೆ ತಮ್ಮ ಕ್ಲಬ್ ಮೇಲೆ ಪ್ರೀತಿ ಇರುವವರು ಯಾರು ಬೇಕಾದರೂ ಇದನ್ನು ಶುರುಮಾಡಬಹುದು.

ಹಂತ 1: ಮೂರೇ ವಿಷಯ ಆರಿಸಿ

ಡ್ರೆಸ್ ಕೋಡ್, ಮೊಬೈಲ್, ಟೋಪಿ, ಕಾಲರ್ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಆಗುವುದಿಲ್ಲ. ನನ್ನನ್ನು ಕೇಳಿದರೆ ಈ ಮೂರು: ಗ್ರೀನ್ ಮೇಲಿನ ಪಿಚ್ ಮಾರ್ಕ್ (ಚೆಂಡು ಬಿದ್ದ ಗುಳಿ), ಆಟದ ವೇಗ, ಯಾರಿಗಾದರೂ ಚೆಂಡು ತಗಲುವಂತಿದ್ದರೆ ‘ಫೋರ್’ ಎಂದು ಕೂಗುವುದು. ಮೊದಲನೆಯದು ಮೈದಾನಕ್ಕೆ, ಎರಡನೆಯದು ಜೊತೆಯ ಆಟಗಾರರಿಗೆ, ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. ಕಾಲ್ಚೀಲದ ಉದ್ದ ಆಮೇಲೆ ನೋಡಿಕೊಳ್ಳೋಣ.

ಹಂತ 2: ಪಿಚ್ ಮಾರ್ಕ್ ರಿಪೇರಿಯನ್ನು ಕೈಯಿಂದಲೇ ಮಾಡಿಸಿ

ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಬರ್ಮುಡಾ ಹುಲ್ಲು. ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಗಟ್ಟಿ ಹುಲ್ಲು, ಬೇಗ ಹಬ್ಬುತ್ತದೆ. ಆದರೆ ಬೇರು ಕಿತ್ತರೆ ಆ ಜಾಗ ಬೋಳಾಗುತ್ತದೆ. ರಿಪೇರಿ ಮಾಡುತ್ತೇವೆ ಎಂದುಕೊಂಡು ಬೇರು ಕೀಳುವವರೇ ಜಾಸ್ತಿ. ಗುಳಿಯ ನಡುವೆ ಫೋರ್ಕ್ (ಗುಳಿ ಮುಚ್ಚಲು ಬಳಸುವ ಹಲ್ಲಿನ ಸಣ್ಣ ಉಪಕರಣ) ಚುಚ್ಚಿ, ಹಿಡಿಯನ್ನು ಕೆಳಗೆ ಒತ್ತಿ, ಅಡಿಯ ಮಣ್ಣನ್ನು ಮೇಲಕ್ಕೆ ಎಬ್ಬಿಸುತ್ತಾರೆ. ನೋಡಲು ಸಮ ಆದಂತೆ ಕಾಣುತ್ತದೆ. ಕೆಲವೇ ದಿನಕ್ಕೆ ಅಲ್ಲಿ ಒಣಗಿದ ಕಂದು ಮಚ್ಚೆ ಬೀಳುತ್ತದೆ.

ಸರಿಯಾದ ಕ್ರಮ ಇದು. ಗುಳಿಯ ಒಳಗಲ್ಲ, ಅಂಚಿನ ಹೊರಗೆ ಫೋರ್ಕ್ ಚುಚ್ಚಿ. ಹುಲ್ಲು ಗುಡ್ಡೆಯಾಗಿ ಎದ್ದಿರುವ ಹಿಂಬದಿಯಿಂದ ಶುರುಮಾಡಿ. ಅಂಚನ್ನು ನಡುವಿನ ಕಡೆಗೆ ತಳ್ಳಿ. ಸುತ್ತಲೂ ನಾಲ್ಕೈದು ಕಡೆ ಹೀಗೇ ಮಾಡಿ, ಬಾಯಿ ಮುಚ್ಚಿದ ಮೇಲೆ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು) ತಳದಿಂದ ಮೆಲ್ಲಗೆ ತಟ್ಟಿ. ಮೇಲಕ್ಕೆ ಎತ್ತುವ ಮಾತೇ ಇಲ್ಲ. ಕಲಿತ ಕೈಗೆ ಇದು ಅರ್ಧ ನಿಮಿಷದ ಕೆಲಸವೂ ಅಲ್ಲ.

ಇದನ್ನು ವಿಡಿಯೋದಲ್ಲಿ ಕಳಿಸಬೇಡಿ. ಶನಿವಾರ ಬೆಳಿಗ್ಗೆ, ಗುಂಪುಗಳನ್ನು ಸರದಿಯಂತೆ ಆಟಕ್ಕೆ ಬಿಡುವ ಸ್ಟಾರ್ಟರ್ ಹತ್ತಿರದ ಪ್ರಾಕ್ಟೀಸ್ ಗ್ರೀನ್ ಮೇಲೆ ಹೆಡ್ ಗ್ರೀನ್‌ಕೀಪರ್ ಅವರನ್ನು ನಿಲ್ಲಿಸಿ. ಟೀಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಒಂದು ಗುಳಿ ಮುಚ್ಚಿ ಹೋಗಲಿ. ಹುಲ್ಲು ಬೆಳೆಸಿದವರೇ ತೋರಿಸಿದರೆ ಆ ಮಾತಿಗೆ ತೂಕ ಬೇರೆ.

ಟೂರ್ನಮೆಂಟ್‌ಗಳಲ್ಲಿ ಪ್ರಾಯೋಜಕರ ಹೆಸರು ಹಾಕಿ ಹಂಚುವ ಪ್ಲಾಸ್ಟಿಕ್ ಫೋರ್ಕ್ ದಯವಿಟ್ಟು ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ನೆಲ ಗಟ್ಟಿಯಾದಾಗ ಅದರ ಹಲ್ಲು ಮುರಿಯುತ್ತದೆ, ಮುರಿದ ಮೇಲೆ ಜನ ಕೆಲಸವನ್ನೇ ಬಿಡುತ್ತಾರೆ. ಉದ್ದ ಹಲ್ಲಿನ ಸಾದಾ ಲೋಹದ ಫೋರ್ಕ್ ತರಿಸಿ ಕ್ಯಾಡಿ ಮಾಸ್ಟರ್ ಹತ್ತಿರ ಒಂದು ಡಬ್ಬಿ ಇಟ್ಟಿರಿ. ಫೋರ್ಕ್ ಇಲ್ಲದಿದ್ದರೆ, ಮೊದಲ ಹೊಡೆತಕ್ಕೆ ಚೆಂಡು ಇಡುವ ಮರದ ಟೀ (ಸಣ್ಣ ಗೂಟ) ಸಾಕು.

ಇನ್ನೊಂದು ನೆಪ ಈಗ ನಡೆಯುವುದಿಲ್ಲ. ಹಿಂದೆ ಪಟ್ ಮಾಡುವ ದಾರಿಯಲ್ಲಿರುವ ಶೂ ಗುರುತನ್ನು ಸರಿಮಾಡುವಂತಿರಲಿಲ್ಲ. 2019ರ ನಿಯಮಗಳಲ್ಲಿ ಅದು ಹೋಯಿತು. ಜನರಿಂದಾದ ಶೂ ಗುರುತು, ಪಿಚ್ ಮಾರ್ಕ್ ಯಾವುದನ್ನಾದರೂ ದಂಡವಿಲ್ಲದೆ ಸರಿಮಾಡಬಹುದು. ಹಳೆಯ ಸದಸ್ಯರಲ್ಲಿ ಕೆಲವರು ಇನ್ನೂ ಹೆದರಿ ಮುಟ್ಟುವುದಿಲ್ಲ. ಅವರಿಗೆ ಇದನ್ನು ಬಿಡಿಸಿ ಹೇಳಿ.

ಹಂತ 3: ಡಿವೋಟ್, ಬಂಕರ್

ಇವು ಆ ಮೂರರಲ್ಲಿ ಇಲ್ಲ, ಪಿಚ್ ಮಾರ್ಕ್ ಜೊತೆಗೇ ತೋರಿಸಿಬಿಡುವ ಸಣ್ಣ ಕೆಲಸ. ಡಿವೋಟ್‌ಗೆ (ಹೊಡೆತಕ್ಕೆ ಹುಲ್ಲು ಕಿತ್ತುಹೋದ ಜಾಗ) ಮರಳು ತುಂಬಿ ಕಾಲಿನಿಂದ ಸಮ ಮಾಡುವುದು. ಬಂಕರ್‌ಗೆ ತಗ್ಗಿನ ಕಡೆಯಿಂದ ಇಳಿದು, ಬಂದ ದಾರಿಯನ್ನೇ ಎಳೆಯುತ್ತಾ ಹೊರಬರುವುದು. ಇಷ್ಟೇ.

ಹಂತ 4: ಎದುರಿಗೆ ಹೇಳುವುದು

ಎಲ್ಲರೂ ಎಡವುವುದು ಇಲ್ಲಿ. ನಮ್ಮ ಕ್ಲಬ್‌ಗಳಲ್ಲಿ ವಯಸ್ಸು, ಹುದ್ದೆ, ಸದಸ್ಯತ್ವದ ವರ್ಷ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿವೃತ್ತ ಕರ್ನಲ್‌ಗೆ ಮೊನ್ನೆ ಸೇರಿದ ಹುಡುಗ ಹೇಳಬೇಕು ಅಂದರೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಒಂದೋ ಬಾಯಿ ಮುಚ್ಚಿಕೊಂಡಿರುತ್ತಾರೆ, ಇಲ್ಲವೇ ಒಳಗೇ ಕುದ್ದು ಒಂದು ದಿನ ಎಲ್ಲರ ಮುಂದೆ ಸಿಡಿಯುತ್ತಾರೆ. ಎರಡೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ಜಾಗ ನೋಡಿಕೊಳ್ಳಿ. ಟೀ ಮೇಲೆ, ಆಡಲು ನಿಂತವರಿಗೆ ಹೇಳಬಾರದು. ಚಿಕ್ಕ ಪಟ್ ತಪ್ಪಿಸಿಕೊಂಡ ಗಳಿಗೆಯಲ್ಲಂತೂ ಬೇಡವೇ ಬೇಡ. ಒಂದು ಗ್ರೀನ್ ಮುಗಿಸಿ ಮುಂದಿನ ಟೀ ಕಡೆಗೆ ನಡೆಯುತ್ತೀರಲ್ಲ, ಅದೇ ಸರಿಯಾದ ಜಾಗ. ಇಬ್ಬರೂ ಪಕ್ಕಪಕ್ಕ ನಡೆಯುತ್ತಿರುತ್ತೀರಿ, ಮುಖ ಮುಂದಕ್ಕಿರುತ್ತದೆ. ಮಾತು ಜಗಳದಂತೆ ಕೇಳುವುದಿಲ್ಲ.

ಯಾರ ಮುಂದೆ ಅನ್ನುವುದೂ ಮುಖ್ಯ. ಅವರು ಕರೆದುಕೊಂಡು ಬಂದ ಅತಿಥಿಯ ಮುಂದೆ ಬೇಡ. ಕ್ಯಾಡಿಗಳ ಮುಂದೆ ಬೇಡ. ಅತಿಥಿಯೇ ತಪ್ಪು ಮಾಡುತ್ತಿದ್ದರೆ ಕರೆತಂದ ಸದಸ್ಯರಿಗೆ ಹೇಳಿ, ಅತಿಥಿಗಲ್ಲ.

ಇನ್ನು ಮಾತು. ‘ನೀವು ಯಾವಾಗಲೂ ಹೀಗೇ’ ಎಂದು ಶುರುವಾದ ಮಾತು ಅಲ್ಲೇ ಮುಗಿಯಿತು. ವ್ಯಕ್ತಿಯನ್ನು ಬಿಡಿ, ವಸ್ತುವನ್ನು ತೋರಿಸಿ. ಜೊತೆಗೆ ನೀವೂ ಕೈಹಾಕಿ. ಗ್ರೀನ್‌ಗೆ ಬರುತ್ತಲೇ ನಿಮ್ಮ ಗುಳಿ ಮುಚ್ಚಿ, ಪಕ್ಕದ ಇನ್ನೊಂದನ್ನೂ ಮುಚ್ಚಿ. ಆಮೇಲೆ ಹೀಗೆ ಹೇಳಿ ನೋಡಿ:

“ಸರ್, ನಿಮ್ಮ ಬಾಲ್ ಎಂಥ ಎತ್ತರದಿಂದ ಬಿತ್ತು! ಗುರುತು ಅಗೋ ಅಲ್ಲಿದೆ. ಫೋರ್ಕ್ ಕೊಡ್ಲಾ?”

ಹೊಗಳಿಕೆಯೂ ಆಯಿತು, ಜಾಗವೂ ತೋರಿಸಿದಂತಾಯಿತು, ಫೋರ್ಕೂ ಕೈಗೆ ಬಂತು. ಇಷ್ಟಾದ ಮೇಲೆ ಬಗ್ಗದೆ ಹೋಗುವವರು ಕಡಿಮೆ. ಮಂಡಿ ನೋವಿರುವ ಹಿರಿಯರಾದರೆ “ಇರಲಿ ಸರ್, ನಾನು ಮಾಡ್ತೀನಿ” ಎಂದು ನೀವೇ ಮಾಡಿ. ಅವರು ಮುಂದೆ ತಮ್ಮ ಕ್ಯಾಡಿಗೆ ತಾವೇ ಹೇಳಿ ಮಾಡಿಸುತ್ತಾರೆ.

ರೇಕ್‌ನಿಂದ ಬಂಕರ್ ಮರಳು ಎಳೆಯದೆ ಹೊರಟವರಿಗೆ “ಸರ್, ರೇಕ್ ಆ ಕಡೆ ಇದೆ, ತಂದ್ಕೊಡ್ಲಾ?” ಅಂದರೆ ಸಾಕು. ಹೇಳಿದ ಮೇಲೆ ಸುಮ್ಮನಾಗಿಬಿಡಿ. ಮಾಡಿದರೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡುವುದು, ಮುಂದಿನ ಹೋಲ್‌ನಲ್ಲಿ (ಒಂದು ಟೀಯಿಂದ ಅದರ ಕುಳಿಯವರೆಗಿನ ಭಾಗ) ಮತ್ತೆ ನೆನಪಿಸುವುದು ಬೇಡ. ಒಂದು ರೌಂಡ್‌ಗೆ ಒಬ್ಬರಿಗೆ ಒಂದೇ ಮಾತು. ಮತ್ತೊಂದು ದಿನವೂ ಹಾಗೇ ಮಾಡಿದರೆ ಆಟ ಮುಗಿದ ಮೇಲೆ ಚಹಾ ಕುಡಿಯುವಾಗ, ಇಬ್ಬರೇ ಇದ್ದಾಗ, ನೇರವಾಗಿ ಹೇಳಿ. ಆಗ ಸುತ್ತುಬಳಸು ಬೇಡ. ಅದಕ್ಕೂ ಬಗ್ಗದಿದ್ದರೆ ಕ್ಯಾಪ್ಟನ್‌ಗೆ ಬಿಡಿ. ತೀರಾ ಹಿರಿಯರ ವಿಷಯದಲ್ಲಿ ಹೊಸ ಸದಸ್ಯರು ಮೊದಲೇ ಕ್ಯಾಪ್ಟನ್ ಸಹಾಯ ಕೇಳಿದರೂ ತಪ್ಪಿಲ್ಲ.

ಅಡ್ಡದಾರಿ ಹಿಡಿಯುವವರು ಮಾಡುವ ಕೆಲಸ ಒಂದಿದೆ. ಸರಿಮಾಡದ ಬಂಕರ್‌ನ ಫೋಟೋ ತೆಗೆದು ‘ಇದು ಯಾರ ಕೆಲಸ?’ ಎಂದು ಗುಂಪಿಗೆ ಹಾಕುವುದು. ಮಾಡಿದವರು ಬಾಯಿ ಬಿಡುವುದಿಲ್ಲ, ಮಾಡದವರಿಗೆ ಬೇಜಾರು, ಮೂರು ದಿನ ವಾದ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಈ ಎಲ್ಲ ನಯಕ್ಕೂ ಒಂದೇ ಒಂದು ಹೊರತು ಇದೆ. ಮುಂದಿನ ಗುಂಪು ಹೊಡೆತದ ಅಳತೆಯಲ್ಲಿ ಇರುವಾಗಲೇ ಚೆಂಡು ಹೊಡೆಯುವವರಿಗೆ, ಚೆಂಡು ಪಕ್ಕದ ಫೇರ್‌ವೇಗೆ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ದಾರಿ) ಹೋದರೂ ‘ಫೋರ್’ ಎಂದು ಕೂಗದವರಿಗೆ ಅಲ್ಲೇ, ಆಗಲೇ, ಯಾರ ಮುಂದಾದರೂ ಸರಿ, ಗಟ್ಟಿಯಾಗಿ ಹೇಳಿ. ಅಲ್ಲಿ ಹುಲ್ಲು ಕತ್ತರಿಸುವ ಹೆಂಗಸರಿರುತ್ತಾರೆ, ಮುಂದೆ ನಿಂತ ಕ್ಯಾಡಿ ಇರುತ್ತಾನೆ. ಅವರ ತಲೆಗೆ ಹೆಲ್ಮೆಟ್ ಇರುವುದಿಲ್ಲ. ನಿಮ್ಮ ಹತ್ತಿರ ಚೆಂಡು ಬಿತ್ತು ಎಂದು ಸಿಟ್ಟಿನಿಂದ ಅದನ್ನು ವಾಪಸ್ ಹೊಡೆಯುವುದು ಮಾತ್ರ ಎಂದಿಗೂ ಬೇಡ.

ಹಂತ 5: ವೇಗ

‘ಬೇಗ ಆಡಿ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ತಾವು ನಿಧಾನ ಎಂದು ಯಾರೂ ಅಂದುಕೊಂಡಿರುವುದಿಲ್ಲ. ಆದ್ದರಿಂದ ಅಂಕಿಗಳನ್ನು ಮುಂದಿಡಿ. 2019ರಿಂದ ಚೆಂಡು ಹುಡುಕಲು ಸಿಗುವುದು 3 ನಿಮಿಷ, ಹಿಂದಿನಂತೆ 5 ಅಲ್ಲ. ಒಂದು ಹೊಡೆತಕ್ಕೆ 40 ಸೆಕೆಂಡ್ ಮೀರಬಾರದು ಎಂದು ನಿಯಮವೇ ಸಲಹೆ ಕೊಡುತ್ತದೆ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಕುಳಿಯಿಂದ ದೂರದವರೇ ಮೊದಲು ಆಡಬೇಕೆಂದು ಕಾಯಬೇಕಿಲ್ಲ. ಸಿದ್ಧವಿರುವವರು, ಯಾರಿಗೂ ಅಪಾಯವಿಲ್ಲದಿದ್ದರೆ, ಆಡಬಹುದು.

ನೋಡಬೇಕಾದ್ದು ಹಿಂದಿನ ಗುಂಪನ್ನಲ್ಲ, ಮುಂದಿನ ಗುಂಪನ್ನು. ಮುಂದೆ ಒಂದು ಇಡೀ ಹೋಲ್ ಖಾಲಿ ಇದ್ದು ಹಿಂದೆ ಜನ ಕಾಯುತ್ತಿದ್ದರೆ ದಾರಿ ಬಿಡಬೇಕು. ಇದನ್ನು ಹೇಳುವ ಮುಂಚೆ ನೀವೂ ಅಂತರ ನೋಡಿಕೊಳ್ಳಿ. ಮಹಿಳೆಯರ ಗುಂಪು ಮುಂದಿದೆ ಎಂದ ಕೂಡಲೇ ನಿಧಾನ ಎಂದು ಗೊಣಗುವ ಗಂಡಸರು ಬಹಳ. ಆ ಗುಂಪು ತನ್ನ ಮುಂದಿನವರ ಬೆನ್ನಿಗೇ ಇದ್ದರೆ ತಪ್ಪು ಅವರದಲ್ಲ.

ಸಮಿತಿಯ ಕೈಲೂ ಕೆಲವು ದಾರಿ ಇವೆ. ವಾರಾಂತ್ಯದ ಆಟವನ್ನು ಸ್ಟೇಬಲ್‌ಫೋರ್ಡ್ (ಪ್ರತಿ ಹೋಲ್‌ಗೆ ಪಾಯಿಂಟ್ ಕೊಡುವ ಆಟ) ಮಾಡಿ. ಪಾಯಿಂಟ್ ಸಿಗದು ಎಂದಾದ ಕೂಡಲೇ ಚೆಂಡು ಎತ್ತಿಕೊಂಡು ನಡೆಯಬಹುದು. ಸಾದಾ ಆಟಕ್ಕೆ, ಚೆಂಡು ಕಳೆದರೆ ಟೀಗೆ ವಾಪಸ್ ಹೋಗುವ ಬದಲು 2 ಹೊಡೆತದ ದಂಡದೊಂದಿಗೆ (ಸ್ಕೋರ್‌ಗೆ 2 ಹೊಡೆತ ಸೇರಿಸಿ) ಮುಂದೆಯೇ ಇನ್ನೊಂದು ಚೆಂಡು ಡ್ರಾಪ್ ಮಾಡುವ (ಕೈಯಿಂದ ಬೀಳಿಸಿ ಆಡುವ) ಸ್ಥಳೀಯ ನಿಯಮವನ್ನು ಜಾರಿಗೆ ತನ್ನಿ. ಇದರಲ್ಲಿ ಉಳಿಯುವ ಸಮಯ ಹತ್ತು ನೋಟಿಸ್‌ನಿಂದ ಉಳಿಯುವುದಿಲ್ಲ. ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ಆಡುವುದು ನನಗೆ ಇಷ್ಟವಿಲ್ಲ, ಕೋರ್ಸ್‌ನಲ್ಲಿ ಅದಕ್ಕೆ ಜಾಗವೇ ಇರಬಾರದು.

ಹಂತ 6: ಕ್ಯಾಡಿಯ ಮೇಲೆ ಹಾಕಬೇಡಿ

‘ಸದಸ್ಯರು ಮರೆತರೆ ಕ್ಯಾಡಿ ನೆನಪಿಸಬೇಕು’ ಎಂದು ಬರೆದ ಬೋರ್ಡ್ ನೋಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಬಂದು ಸರದಿಯಲ್ಲಿ ಕೂತು, ಒಂದು ರೌಂಡ್ ಸಿಕ್ಕರೆ ಅಂದಿನ ಸಂಪಾದನೆ ಎನ್ನುವವನು ದೊಡ್ಡ ಸಾಹೇಬರಿಗೆ ‘ರೇಕ್ ಮಾಡಿ’ ಎನ್ನಲು ಆಗುತ್ತದಾ? ನಾಳೆ ಆ ಸಾಹೇಬರು ಬೇರೆ ಕ್ಯಾಡಿ ಕೇಳಿದರೆ ಅವನ ಕಥೆ? ಕ್ಯಾಡಿ ಮಾಡುವ ಕೆಲಸ ಬೇರೆ, ಹೇಳುವ ಹೊಣೆ ಬೇರೆ. ಕ್ಯಾಡಿಗಳಿಗೆ ರಿಪೇರಿ ಚೆನ್ನಾಗಿ ಕಲಿಸಿ, ಅದನ್ನು ಮಾಡಲು ಸಮಯ ಕೊಡಿ. ಚೆಂಡು ಪೊದೆಗೆ ಹೋದಾಗ ಅವರ ಮೇಲೆ ರೇಗುವ ಸದಸ್ಯರಿಗೆ ಹಂತ 4ರಂತೆ ಹೇಳಿ. ಕ್ಯಾಡಿಯನ್ನು ಹೆಸರು ಹಿಡಿದು ಕರೆಯುವುದೂ ಶಿಸ್ತಿನಲ್ಲೇ ಸೇರಿದ್ದು.

ಹಂತ 7: ಕೊನೆಗೆ ಕಾಗದ

2019ಕ್ಕೆ ಮುಂಚೆ ಶಿಸ್ತಿನ ಮಾತು ನಿಯಮ ಪುಸ್ತಕದ ಶುರುವಿನಲ್ಲಿ ಬೇರೆಯಾಗಿ ಇತ್ತು. ಈಗ ಅದು ನಿಯಮ 1.2ರ ಒಳಗೇ ಇದೆ: ಪ್ರಾಮಾಣಿಕವಾಗಿ ಆಡಿ, ಇತರರನ್ನು ಗಮನಿಸಿ, ಮೈದಾನವನ್ನು ಕಾಪಾಡಿ. ಅದೇ ನಿಯಮದಡಿ ಸಮಿತಿ ತನ್ನದೇ ನಡವಳಿಕೆ ಸಂಹಿತೆ ತಂದು, ಮುರಿದವರಿಗೆ ದಂಡದ ಹೊಡೆತ ಹಾಕಬಹುದು. ಇದನ್ನು ಮೊದಲ ಹಂತದಲ್ಲೇ ತಂದರೆ ಜನ ಎದುರು ನಿಲ್ಲುತ್ತಾರೆ. ಒಂದು ಸೀಸನ್ ಎದುರಿಗೆ ಹೇಳಿ ನೋಡಿದ ಮೇಲೆ ತನ್ನಿ.

ಸಂಹಿತೆ ಒಂದು ಪುಟ ಮೀರದಿರಲಿ. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ 1 ಹೊಡೆತ, ಹೀಗೆ ಮೆಟ್ಟಿಲು ಸ್ಪಷ್ಟವಾಗಿರಲಿ. ಸಮಿತಿಯ ಸದಸ್ಯರಿಗೂ ಅದೇ ದಂಡ ಎಂದು ಬರೆದಿರಲಿ. ಜೂನ್‌ನಲ್ಲಿ ಮಳೆ ಹಿಡಿದು ಗ್ರೀನ್ ಮೆತ್ತಗಾದಾಗ ಗುಳಿ ಆಳವಾಗಿ ಬೀಳುತ್ತವೆ, ಎಲ್ಲರ ಕಣ್ಣಿಗೂ ಕಾಣುತ್ತವೆ. ಪ್ರಾಕ್ಟೀಸ್ ಗ್ರೀನ್ ಪಾಠ ಶುರುಮಾಡಲು ಅದೇ ಒಳ್ಳೆಯ ತಿಂಗಳು. ಫೋರ್ಕ್‌ಗಳನ್ನು ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ.