‘ಮನೆ’ ಹೋಗಿ ‘ಸೋಲಾ’ ಆಗಿತ್ತು: ಲಾಕ್ ಆದ ಫೈಲ್ ಬಿಡಿಸಿದ ಕಥೆ

ಬೇರೆಯವರು ಬರೆದ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅವರ ಬರಹ ನನ್ನ ಕಂಪ್ಯೂಟರಿನಲ್ಲಿ ವಾರಗಟ್ಟಲೆ ಇರುತ್ತದೆ. ಹಾಗಾಗಿ ವರ್ಡ್ ಫೈಲಿಗೆ ಪಾಸ್‌ವರ್ಡ್ ಹಾಕಿಡುವ ಅಭ್ಯಾಸ ಮಾಡಿಕೊಂಡಿದ್ದೆ.

ಒಂದು ಆತ್ಮಕಥೆ, 212 ಪುಟ. ಮೂರು ವಾರ ತಿದ್ದಿ, ರಾತ್ರಿ ಪಾಸ್‌ವರ್ಡ್ ಹಾಕಿ, ಮುಚ್ಚಿ ಮಲಗಿದೆ. ಬೆಳಗ್ಗೆ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಅಂತ ಹೇಳಿತು. ನಿಧಾನವಾಗಿ ಮತ್ತೆ ಹೊಡೆದೆ. ತಪ್ಪು. ಕ್ಯಾಪ್ಸ್ ಲಾಕ್ ನೋಡಿದೆ, ಆಫ್ ಆಗಿಯೇ ಇತ್ತು. ನೆನಪು ಕೈಕೊಟ್ಟಿತು ಅನ್ನೋಣವೆಂದರೆ ಹಾಕಿ ಇನ್ನೂ ಹನ್ನೆರಡು ಗಂಟೆ ಆಗಿರಲಿಲ್ಲ. ಅದೂ ವರ್ಷಗಳಿಂದ ಬಳಸುತ್ತಿದ್ದ ಪಾಸ್‌ವರ್ಡ್, ಬೆರಳಿಗೇ ಬಾಯಿಪಾಠ. ಹಾಕುವಾಗ ವರ್ಡ್ ಎರಡು ಸಲ ಕೇಳುತ್ತದೆ, ಎರಡೂ ಸಲ ಒಂದೇ ಥರ ಹೊಡೆದಿದ್ದೆ. ಬೇರೆ ಪ್ರತಿ ಒಂದಿತ್ತು, ಆದರೆ ಅದು ತಿದ್ದುವುದಕ್ಕೆ ಮುಂಚಿನದು.

ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ ಕೇಳಿದೆ. ಬರೆದದ್ದು ಇಷ್ಟೇ: ‘ವರ್ಡ್ ಫೈಲ್ ಲಾಕ್ ಆಗಿದೆ, ತುಂಬಾ ಅರ್ಜೆಂಟು, ದಯವಿಟ್ಟು ಸಹಾಯ ಮಾಡಿ.’ ವೈದ್ಯರ ಹತ್ತಿರ ಹೋಗಿ ‘ನೋವು’ ಅಂದು ಸುಮ್ಮನೆ ಕೂತ ಹಾಗೆ.

ಉತ್ತರಗಳು ಬಂದವು. ಫೈಲ್ ಇರುವ ಫೋಲ್ಡರಿನಲ್ಲಿ ~$ ಗುರುತಿನಿಂದ ಶುರುವಾಗುವ ಪುಟ್ಟ ಫೈಲ್ ಅಡಗಿರುತ್ತದೆ, ಅಳಿಸಿ ಅಂತ ಒಬ್ಬರು. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮೇಲೆ ಟಿಕ್ ಹಾಕಿ ಅಂತ ಇನ್ನೊಬ್ಬರು. ಮೂರನೆಯವರು ತಜ್ಞರ ಥರ ಬರೆದಿದ್ದರು: ಡಾಕ್‌ಎಕ್ಸ್ ಫೈಲ್ (ಈಗಿನ ವರ್ಡ್ ಫೈಲಿನ ಬಗೆ) ಅಂದರೆ ಒಳಗೆ ಜಿಪ್ಪೇ, ಹಲವು ಪುಟ್ಟ ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಹೆಸರಿನ ಬಾಲವನ್ನು ಜಿಪ್ ಅಂತ ಬದಲಿಸಿ ಬಿಚ್ಚಿ, ಸೆಟ್ಟಿಂಗ್ಸ್ ಎಂಬ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ರಕ್ಷಣೆಯ ಸಾಲು ಇರುತ್ತದೆ, ಅದನ್ನು ತೆಗೆದುಬಿಡಿ.

ಮೂರೂ ಮಾಡಿದೆ. ಅಡಗಿದ ಫೈಲ್ ಇರಲಿಲ್ಲ. ಅನ್‌ಬ್ಲಾಕ್ ಅನ್ನುವ ಆಯ್ಕೆಯೇ ಕಾಣಲಿಲ್ಲ. ಫೈಲಿನ ಒಂದು ಪ್ರತಿ ಮಾಡಿ ಅದರ ಬಾಲವನ್ನು ಜಿಪ್ ಅಂತ ಬದಲಿಸಿದರೆ, ಇದು ಜಿಪ್ಪೇ ಅಲ್ಲ ಅಂತ ವಿಂಡೋಸ್ ತಿರುಗಿ ಬಿತ್ತು. ಸಲಹೆ ಕೊಟ್ಟವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ತಪ್ಪು ನನ್ನದೇ. ಮೂರೂ ಸಲಹೆ ಸರಿಯಾಗಿಯೇ ಇದ್ದವು, ಆದರೆ ಬೇರೆ ಬೇರೆ ಬೀಗಕ್ಕೆ. ‘ಲಾಕ್’ ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದರ ಹಿಂದೆ ನಾಲ್ಕೈದು ಬೇರೆ ಸಂಗತಿಗಳಿವೆ, ಅದು ನನಗೆ ಗೊತ್ತೇ ಇರಲಿಲ್ಲ.

ಸಂಜೆಗೆ ಇನ್ನೊಬ್ಬರು ಬಂದರು. ಸಲಹೆ ಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದರು. ‘ಪಾಸ್‌ವರ್ಡ್ ಕೇಳ್ತಿರೋದು ಫೈಲ್ ತೆರೆಯೋ ಮುಂಚೆನೋ, ತೆರೆದು ಓದಿದ ಮೇಲೆ ತಿದ್ದೋಕೆ ಹೋದಾಗಲೋ?’

ಮುಂಚೆ, ಅಂದೆ. ಜಿಪ್ ಬಿಚ್ಚದ ಕಥೆಯನ್ನೂ ಹೇಳಿದೆ. ‘ಹಾಗಾದ್ರೆ ಆ ಪ್ರತಿಯನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಎರಡು ಅಕ್ಷರ ಏನಿದೆ ನೋಡಿ’ ಅಂದರು. ಮಾಮೂಲಿ ಡಾಕ್‌ಎಕ್ಸ್ ಫೈಲನ್ನು ಹಾಗೆ ತೆರೆದರೆ ಕಸದಂಥ ಅಕ್ಷರಗಳ ರಾಶಿಯ ತುದಿಯಲ್ಲಿ ಪಿ ಮತ್ತು ಕೆ ಕಾಣುತ್ತವೆ. 1989ರಲ್ಲಿ ಜಿಪ್ ತಂದ ಫಿಲ್ ಕಾಟ್ಜ್ ಅವರ ಇನಿಶಿಯಲ್ ಅದು. ನನ್ನ ಫೈಲಿನಲ್ಲಿ ಪಿಕೆ ಇರಲಿಲ್ಲ, ತಲೆಯ ಮೇಲೆ ಚುಕ್ಕೆ ಗೆರೆ ಇದ್ದ ಯಾವುದೋ ವಿಚಿತ್ರ ಅಕ್ಷರಗಳಿದ್ದವು. ತೆರೆಯುವ ಪಾಸ್‌ವರ್ಡ್ ಹಾಕಿದಾಗ ವರ್ಡ್ ಇಡೀ ಜಿಪ್ಪನ್ನು ಗೂಢಲಿಪಿ ಮಾಡಿ, ಹಳೆಯ ಡಾಕ್ ಫೈಲಿನ ಥರದ ಡಬ್ಬಿಯಲ್ಲಿ ಹಾಕುತ್ತದಂತೆ. ಆ ಡಬ್ಬಿಯ ಮೊದಲ ನಾಲ್ಕು ಬೈಟನ್ನು ಹೆಕ್ಸ್‌ನಲ್ಲಿ (ಅಂಕಿಗಳ ಜೊತೆ ಎ ಯಿಂದ ಎಫ್ ಅಕ್ಷರಗಳನ್ನೂ ಬಳಸುವ ಸಂಖ್ಯೆಯ ಬರಹ) ಬರೆದು, ಅಂಕಿಗಳನ್ನೂ ಅಕ್ಷರ ಅಂದುಕೊಂಡರೆ ಇಂಗ್ಲಿಷಿನಲ್ಲಿ ‘ಡಾಕ್‌ಫೈಲ್’ ಅಂತ ಓದಿಕೊಳ್ಳಬಹುದು. ಯಾವನೋ ಪ್ರೋಗ್ರಾಮರ್‌ನ ತಮಾಷೆ ಇರಬೇಕು. ನನಗೆ ಆಗ ನಗು ಬರಲಿಲ್ಲ.

ಅಂದರೆ ನನ್ನದು ನಿಜವಾದ ಬೀಗ. ತಿದ್ದಬಾರದು ಅಂತ ಹಾಕುವ ರಿಸ್ಟ್ರಿಕ್ಟ್ ಎಡಿಟಿಂಗ್ ಇದೆಯಲ್ಲ, ಅದು ಬಾಗಿಲಿಗೆ ಅಂಟಿಸಿದ ಚೀಟಿ ಇದ್ದ ಹಾಗೆ. ಅಕ್ಷರಗಳೆಲ್ಲ ಒಳಗೆ ಹಾಗೇ ಇರುತ್ತವೆ. ಫೈಲ್ ನಿಮ್ಮದೇ ಆಗಿದ್ದರೆ ಹೊಸ ಖಾಲಿ ಡಾಕ್ಯುಮೆಂಟ್ ತೆಗೆದು, ಇನ್ಸರ್ಟ್‌ನಲ್ಲಿ ಟೆಕ್ಸ್ಟ್ ಫ್ರಮ್ ಫೈಲ್ ಕೊಟ್ಟರೆ ಸಾಮಾನ್ಯವಾಗಿ ಎಲ್ಲಾ ಬಂದುಬಿಡುತ್ತದೆ. ತೆರೆಯುವ ಪಾಸ್‌ವರ್ಡ್ ಹಾಗಲ್ಲ. ವರ್ಡ್ 2013ರಿಂದ ಈಚೆಗೆ ಒಂದೊಂದು ಊಹೆಯನ್ನೂ ಪರೀಕ್ಷಿಸಲು 1,00,000 ಸಲ ಹ್ಯಾಷ್ ಲೆಕ್ಕ (ಪಾಸ್‌ವರ್ಡನ್ನು ಅರೆದು ಗುರುತು ಸಿಗದ ಸಂಖ್ಯೆ ಮಾಡುವ ಲೆಕ್ಕ) ಮಾಡಬೇಕು. ಬೇಕಂತಲೇ ಹಾಗೆ ನಿಧಾನ ಮಾಡಿದ್ದಾರೆ. ವರ್ಡ್ 97ರಿಂದ 2003ರವರೆಗಿನ ಹಳೇ ಡಾಕ್ ಫೈಲುಗಳಲ್ಲಿ ಸಾಮಾನ್ಯವಾಗಿ 40 ಬಿಟ್ಟಿನ ಕೀಲಿ ಇರುತ್ತಿತ್ತು, ಈಗಿನ ಯಂತ್ರಗಳಿಗೆ ಅದು ಲೆಕ್ಕಕ್ಕಿಲ್ಲ. ಮರೆತ ಪಾಸ್‌ವರ್ಡನ್ನು ಮೈಕ್ರೋಸಾಫ್ಟ್ ಕೂಡ ತೆಗೆದುಕೊಡುವುದಿಲ್ಲ.

ಈ ಮಧ್ಯೆ ಒಬ್ಬರು ಖಾಸಗಿಯಾಗಿ ಬರೆದರು. ‘ಫೈಲ್ ಕಳಿಸಿ, ಐದು ನಿಮಿಷದಲ್ಲಿ ತೆಗೆದುಕೊಡ್ತೀನಿ.’ ಅಪ್‌ಲೋಡ್ ಮಾಡಿದರೆ ಬೀಗ ತೆಗೆಯುತ್ತೇವೆ ಅನ್ನುವ ಸೈಟುಗಳೂ ಕಂಡವು. ಸತ್ಯ ಹೇಳುತ್ತೇನೆ, ಒಂದು ಸಲ ಕರ್ಸರ್ ಅಪ್‌ಲೋಡ್ ಬಟನ್ ಮೇಲೆ ಹೋಗಿ ನಿಂತಿತ್ತು. ಆದರೆ ಆ ಪುಸ್ತಕದಲ್ಲಿ ಒಂದು ಇಡೀ ಕುಟುಂಬದ ಜಗಳ, ಕಾಯಿಲೆ, ಆಸ್ತಿ ಎಲ್ಲಾ ಇತ್ತು. ಬರೆದವರು ನನ್ನನ್ನು ನಂಬಿ ಕೊಟ್ಟದ್ದು. ನನ್ನ ಗಾಬರಿಗೆ ಅವರ ಮನೆ ಮಾತನ್ನು ಬೀದಿಗೆ ಹಾಕುವುದು ಸರಿಯಲ್ಲ ಅಲ್ವಾ? ಪ್ರಶ್ನೆ ಕೇಳಿದ ಆ ಪುಣ್ಯಾತ್ಮರೂ ಅದನ್ನೇ ಹೇಳಿದರು. ಪಾಸ್‌ವರ್ಡ್ ಊಹಿಸಲು ಬರಹ ಬೇಕಿಲ್ಲ, ಫೈಲಿನಿಂದ ಹ್ಯಾಷ್ ಎಂಬ ಒಂದು ಸಾಲನ್ನು ಮಾತ್ರ ತೆಗೆಯುವ ಉಚಿತ ಉಪಕರಣ ಇದೆ. ಒಂದರ ಹಿಂದೊಂದು ಊಹೆ ಹಾಕಿ ನೋಡುವ ಹ್ಯಾಷ್‌ಕ್ಯಾಟ್‌ನಂಥ ಪ್ರೋಗ್ರಾಮಿಗೆ ಆ ಒಂದು ಸಾಲು ಸಾಕು. ಅದನ್ನೂ ಬೇರೆಯವರಿಗೆ ಕಳಿಸಬೇಕಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು.

ಆ ಉಪಕರಣ ಇಳಿಸಿಕೊಳ್ಳಲು ಹೊರಟಿದ್ದೆ. ಅಷ್ಟರಲ್ಲಿ ಅವರಿಂದ ಇನ್ನೊಂದು ಪ್ರಶ್ನೆ. ‘ಪುಸ್ತಕ ಯಾವ ಭಾಷೇಲಿದೆ?’

ಕನ್ನಡ, ಅಂದೆ.

‘ಪಾಸ್‌ವರ್ಡ್ ಹಾಕುವಾಗ ಕೀಬೋರ್ಡ್ ಯಾವ ಭಾಷೇಲಿತ್ತು?’

ಕೈ ಅಲ್ಲೇ ನಿಂತಿತು. ರಾತ್ರಿ ಕೊನೆಯ ಸಾಲು ತಿದ್ದಿ, ಕೀಬೋರ್ಡ್ ಬದಲಿಸದೆ ನೇರವಾಗಿ ಪಾಸ್‌ವರ್ಡ್ ಹಾಕಲು ಹೋಗಿದ್ದೆ. ನಾನು ಬಳಸುವುದು ಇನ್‌ಸ್ಕ್ರಿಪ್ಟ್, ಅಂದರೆ ಇಂಗ್ಲಿಷ್ ಉಚ್ಚಾರಕ್ಕೆ ಸಂಬಂಧವಿಲ್ಲದ ಹಾಗೆ ಕನ್ನಡ ಅಕ್ಷರ ಜೋಡಿಸಿದ ಕೀಬೋರ್ಡ್. ಪಾಸ್‌ವರ್ಡಿನ ಕಿಟಕಿಯಲ್ಲಿ ಕಾಣುವುದು ಕಪ್ಪು ಚುಕ್ಕೆ ಮಾತ್ರ, ಒಳಗೆ ಬಿದ್ದದ್ದು ಕನ್ನಡವೋ ಇಂಗ್ಲಿಷೋ ತಿಳಿಯುವುದಿಲ್ಲ. ಎರಡನೇ ಸಲವೂ ಅದೇ ಕೀಲಿಗಳನ್ನು ಒತ್ತಿದ್ದರಿಂದ ಎರಡೂ ತಾಳೆಯಾದವು. ಬೆಳಗ್ಗೆ ಕಂಪ್ಯೂಟರ್ ಹಾಕಿದಾಗ ಕೀಬೋರ್ಡ್ ಇಂಗ್ಲಿಷಿಗೆ ಮರಳಿತ್ತು.

ನೋಟ್‌ಪ್ಯಾಡ್ ತೆಗೆದು, ಕನ್ನಡ ಕೀಬೋರ್ಡ್ ಹಾಕಿ, ಅದೇ ಪಾಸ್‌ವರ್ಡ್ ಹೊಡೆದೆ. ಅದು ‘ಮನೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಶುರುವಾಗುತ್ತಿತ್ತು (ಈಗ ಅದನ್ನು ಎಲ್ಲೂ ಬಳಸುತ್ತಿಲ್ಲ, ಪ್ರಯತ್ನಿಸಬೇಡಿ). ಇನ್‌ಸ್ಕ್ರಿಪ್ಟ್‌ನಲ್ಲಿ ಎಂ ಒತ್ತಿದರೆ ಸ, ಎ ಒತ್ತಿದರೆ ಓಕಾರದ ದೀರ್ಘ, ಎನ್ ಒತ್ತಿದರೆ ಲ, ಇ ಒತ್ತಿದರೆ ಆಕಾರದ ದೀರ್ಘ. ತೆರೆಯ ಮೇಲೆ ಮೂಡಿದ್ದು: ಸೋಲಾ.

ಅಲ್ಲಿಂದ ಕಾಪಿ ಮಾಡಲೂ ಇಲ್ಲ. ವರ್ಡ್ ಕಿಟಕಿಗೆ ಬಂದು, ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿ ಕನ್ನಡಕ್ಕೆ ಬದಲಿಸಿ, ಬೆರಳಿಗೆ ಗೊತ್ತಿದ್ದ ಹಾಗೆ ಹೊಡೆದೆ. ಫೈಲ್ ತೆರೆಯಿತು. 212 ಪುಟವೂ ಇತ್ತು, ನನ್ನ ಕೆಂಪು ತಿದ್ದುಪಡಿಗಳ ಸಮೇತ. ಮೊದಲು ಮಾಡಿದ ಕೆಲಸ ಫೈಲ್, ಇನ್ಫೋ, ಪ್ರೊಟೆಕ್ಟ್ ಡಾಕ್ಯುಮೆಂಟ್‌ನಲ್ಲಿ ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ತೆಗೆದು, ಪೆಟ್ಟಿಗೆ ಖಾಲಿ ಮಾಡಿ, ಸೇವ್ ಮಾಡಿದ್ದು.

ಈಗ ಪಾಸ್‌ವರ್ಡನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಹೊಡೆದು ಕಣ್ಣಾರೆ ನೋಡುತ್ತೇನೆ, ಆಮೇಲೆ ಹಾಕುತ್ತೇನೆ. ಹಾಕಿದ ಕೂಡಲೇ ಫೈಲ್ ಮುಚ್ಚಿ ಒಂದು ಸಲ ತೆರೆದೂ ನೋಡುತ್ತೇನೆ. ಆನ್‌ಲೈನ್‌ನಲ್ಲಿ ಏನಾದರೂ ಕೇಳುವುದಿದ್ದರೆ ತೆರೆಯ ಮೇಲೆ ಬಂದ ಸಂದೇಶವನ್ನು ಅಕ್ಷರ ಬಿಡದೆ ಬರೆದು, ವರ್ಡ್‌ನ ಆವೃತ್ತಿ ಹೇಳುತ್ತೇನೆ. ಮಾದರಿ ಫೈಲ್ ಕೊಡಲೇಬೇಕಾದರೆ ಎರಡು ಸುಳ್ಳು ಸಾಲಿನ ಹೊಸ ಫೈಲ್ ಮಾಡಿ ಕೊಡುತ್ತೇನೆ. ಅದರಲ್ಲೂ ಫೈಲ್ ಮಾಡಿದವರ ಹೆಸರು ಅಡಗಿ ಕೂತಿರುತ್ತದೆ, ವರ್ಡ್‌ನಲ್ಲೇ ಇರುವ ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್ ಓಡಿಸಿ ತೆಗೆಯಬೇಕು.

ಮೊನ್ನೆ ಒಬ್ಬ ಲೇಖಕಿ ಫೋನ್ ಮಾಡಿದರು. ‘ನನ್ ಫೈಲ್ ಲಾಕ್ ಆಗೋಗಿದೆ ನೋಡಿ, ಯಾರೋ ಹ್ಯಾಕ್ ಮಾಡಿದಾರೆ!’

‘ತೆರೆ ಮೇಲೆ ಏನು ಬರೆದಿದೆ ಮೇಡಂ? ಇದ್ದ ಹಾಗೇ ಓದಿ.’

ಫೈಲನ್ನು ಇನ್ನೊಬ್ಬರು ತೆರೆದಿದ್ದಾರೆ, ತಿದ್ದಲು ಆಗುವುದಿಲ್ಲ ಅಂತ ಓದಿದರು. ಪಾಸ್‌ವರ್ಡ್ ಮಾತೇ ಇಲ್ಲ. ಹಿಂದಿನ ದಿನ ಕೆಲಸದ ನಡುವೆ ಕಂಪ್ಯೂಟರ್ ನಿಂತುಹೋಗಿತ್ತಂತೆ. ವರ್ಡ್ ಪೂರ್ತಿ ಮುಚ್ಚಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಇನ್ನೂ ಓಡುತ್ತಿದ್ದ ವರ್ಡನ್ನು ನಿಲ್ಲಿಸಲು ಹೇಳಿ, ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿಸಿದೆ. ಅಲ್ಲಿತ್ತು, ನನಗೆ ಅವತ್ತು ಸಿಗದ ~$ ಫೈಲ್. ಯಾರು ತೆರೆದಿದ್ದಾರೆ ಅಂತ ವರ್ಡ್ ಬರೆದಿಡುವುದು ಅದರಲ್ಲೇ, ಕಂಪ್ಯೂಟರ್ ನಿಂತಾಗ ಅದು ಅಳಿಯದೆ ಉಳಿದಿತ್ತು. ಅಳಿಸಿದರು, ಸರಿಹೋಯಿತು.

‘ಅಂದಹಾಗೆ ಮೇಡಂ, ತೆರೆದಿದ್ದವರು ಯಾರು ಅಂತ ತೋರಿಸ್ತಿತ್ತು?’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು, ‘ನನ್ ಹೆಸರೇ ಇತ್ತು.’