ಗ್ಲೇಜ್ ಇಲ್ಲದ ಮಣ್ಣಿನ ಗುಹೆ: ನನ್ನ ಟ್ಯಾಂಕಿನ ಅನುಭವ

ಮೀನಿನ ಟ್ಯಾಂಕಿಗೆ ನಾನೇ ಮಣ್ಣಿನ ಗುಹೆ ಮಾಡ್ತೀನಿ ಅಂದಾಗ, ಮಣ್ಣು ನೀರಲ್ಲಿ ಕರಗುತ್ತೆ, ಸುಮ್ನೆ ದುಡ್ಡು ದಂಡ ಅಂತ ಎಲ್ಲರೂ ಹೇಳಿದ್ದರು. ನಾನು ಮಾಡಿದ ಗುಹೆ ಟ್ಯಾಂಕಿಗೆ ಇಳಿದು ಎಂಟು ತಿಂಗಳಾಯಿತು. ಬ್ರಿಸಲ್‌ನೋಸ್ ಪ್ಲೆಕೋ ಮೀನು ಅದರೊಳಗೆ ಎರಡು ಸಲ ಮೊಟ್ಟೆ ಇಟ್ಟಿದೆ. ಗಂಡು ಬಾಗಿಲಲ್ಲೇ ಕೂತು ರೆಕ್ಕೆ ಬೀಸುತ್ತೆ, ನೋಡೋದೇ ಚೆಂದ.

ಮೊದಲನೇದನ್ನ ಊರಿನ ಸೌದೆ ಒಲೆಯಲ್ಲಿ ಸುಟ್ಟೆ. ಬಕೆಟ್ ನೀರಲ್ಲಿ ನಾಲ್ಕು ದಿನ ಇಟ್ಟು ಮುಟ್ಟಿದರೆ ಬೆರಳಿಗೆ ರಾಡಿ. ಕಾವು ಸಾಲದು. ಆಮೇಲೆ ಬೆಂಗಳೂರಿನ ಪಾಟರಿ ಟೌನಿಗೆ ಹೋದೆ. ಪೂರ್ತಿ ಒಣಗುವ ಮುಂಚೆಯೇ ಒಯ್ದಿದ್ದೆ, ಐದರಲ್ಲಿ ಮೂರು ಭಟ್ಟಿಯೊಳಗೇ ಸಿಡಿದವು. "ಕಾಯೋಕಾಗಲ್ಲ ಅಂದ್ರೆ ಮಣ್ಣು ಮುಟ್ಟಬೇಡಿ ಸಾರ್" ಅಂದರು ಕುಂಬಾರಣ್ಣ. ಸರಿಯಾಗೇ ಹೇಳಿದರು.

ಮೂರನೇ ಸಲ ಅಂದಕ್ಕೆ ಅಂತ ಹಸಿರು ಗ್ಲೇಜ್, ಅಂದ್ರೆ ಗಾಜಿನಂಥ ಹೊಳಪಿನ ಲೇಪ, ಹಚ್ಚಿಸಿದೆ. ಇಪ್ಪತ್ತಕ್ಕೂ ಜಾಸ್ತಿ ಚೆರ್ರಿ ಸೀಗಡಿ ಇದ್ದವು. ಎರಡು ದಿನಕ್ಕೆ ನಾಲ್ಕು ಉಳಿದವು. ಹಸಿರು ಬರೋದು ಹೆಚ್ಚಾಗಿ ತಾಮ್ರದಿಂದ, ಸೀಗಡಿಗೆ ತಾಮ್ರ ಚೂರೂ ಆಗಲ್ಲ. ಔಷಧಿ ಬಾಟಲಿ ಓದಿ ನೋಡುವ ನಾವು ಬಣ್ಣದ ಡಬ್ಬಿ ಓದಲ್ಲ ಅಲ್ವಾ? ಈಗಲೂ ಮನಸ್ಸಿಗೆ ಕಷ್ಟ.

ಅಂದಿನಿಂದ ಗ್ಲೇಜ್ ಮುಟ್ಟಿಲ್ಲ. ಮಣ್ಣಿಗೆ ಹಳೇ ಮಡಕೆ ಪುಡಿ ಬೆರೆಸುತ್ತೇನೆ. ಎಷ್ಟು ಅನ್ನೋದು ನನ್ನ ಕೈಗೇ ಇರಲಿ. ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರಬೇಕು. ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತೆ, ಅದಕ್ಕೆ 15 ಸೆಂಟಿಮೀಟರ್ ಗುಹೆ ಬೇಕಂದ್ರೆ ಹಸಿಯಲ್ಲಿ 17 ಮಾಡಬೇಕು. ಬಟ್ಟೆ ಮುಚ್ಚಿ ನೆರಳಲ್ಲಿ ಎರಡು ವಾರ. ಆಮೇಲೆ ಕರೆಂಟ್ ಭಟ್ಟಿ, ಸುಮಾರು 1000 ಡಿಗ್ರಿ.

ಸುಟ್ಟು ತಂದ ಮೇಲೂ ಎರಡು ವಾರ ಬಕೆಟ್ ನೀರಲ್ಲೇ. ಒಂದು ಸಲ ಐದನೇ ದಿನ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಎದ್ದಿತು. ಮಣ್ಣಲ್ಲಿ ಸುಣ್ಣದ ಹರಳಿತ್ತು. ಈಗ ಹಸಿ ಮಣ್ಣಿಗೇ ವಿನೆಗರ್ ಬಿಟ್ಟು ನೋಡುತ್ತೇನೆ, ನೊರೆ ಬಂದರೆ ಆ ಮಣ್ಣು ಬೇಡ. ಬಕೆಟ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) 180 ಇದ್ದದ್ದು 190 ದಾಟದಿದ್ದರೆ ಟ್ಯಾಂಕಿಗೆ ಇಳಿಸುತ್ತೇನೆ.

ನಡುವೆ ಭತ್ತದ ಹೊಟ್ಟಿನ ಹೊಗೆಯಲ್ಲಿ ಒಂದನ್ನ ಕಪ್ಪು ಮಾಡಿದೆ. ಅದರ ಮುಂದೆ ನಿಯಾನ್ ಟೆಟ್ರಾ ಮೀನು ಎಷ್ಟು ಎದ್ದು ಕಾಣುತ್ತೆ ಅಂದ್ರೆ, ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ.

ಕೆಟ್ಟದ್ದೆಲ್ಲ ಸೇರಿ ನಾಲ್ಕೂವರೆ ಸಾವಿರ ಹೋಗಿರಬೇಕು. ಈಗ ಒಂದಕ್ಕೆ ಎಪ್ಪತ್ತು ರೂಪಾಯಿ ಬೀಳುತ್ತೆ. ಅಂಗಡಿಯಲ್ಲಿ ನಾನೂರು ಕೊಟ್ಟು ತರುತ್ತಿದ್ದೆ. ಟ್ಯಾಂಕಿಗೆ ಅಂತ ಮಣ್ಣಲ್ಲಿ ಮಾಡಿದ ಪುಟ್ಟ ಹಂಪಿ ಮಂಟಪದ ಕಂಬಗಳು ಮಾತ್ರ ಎರಡು ಸಲ ಬಾಗಿದವು. ಮೂರನೇದು ಬಟ್ಟೆಯ ಕೆಳಗೆ ಒಣಗುತ್ತಿದೆ.